ಮಗುವಿನ ಚಿತ್ರದ ಮೇಲೆ ನಮ್ಮ ಕೈ

ನಿಮ್ಮ ಮಗು ಒಂದು ಚಿತ್ರ ಬರೆದು ತಂದು ಮುಂದೆ ಹಿಡಿಯುತ್ತದೆ. ನೀವು ಅಂಗಡಿಯ ಲೆಕ್ಕದಲ್ಲಿ ಮುಳುಗಿದ್ದೀರಿ. ಹಾಳೆಯತ್ತ ನೋಡದೆಯೇ 'ಬಹಳ ಚೆನ್ನಾಗಿದೆ' ಎನ್ನುತ್ತೀರಿ. ಇದು ಸುಳ್ಳೋ, ಅಲ್ಲವೋ? ಏನೋ ಕೊಡುತ್ತೇನೆಂದು ಮಗುವನ್ನು ಹತ್ತಿರ ಕರೆದ ತಾಯಿಯೊಬ್ಬಳನ್ನು ಪ್ರವಾದಿವರ್ಯರು(ಸ) ವಿಚಾರಿಸಿದ ಪ್ರಸಂಗ ಹದೀಸ್‌ನಲ್ಲಿದೆ. ಖರ್ಜೂರ ಕೊಡಲಿದ್ದೇನೆಂದು ಆಕೆ ಹೇಳಿದಾಗ, ಏನನ್ನೂ ಕೊಡದಿದ್ದರೆ ಅದು ಆಕೆಯ ಹೆಸರಿನಲ್ಲಿ ಸುಳ್ಳಾಗಿ ದಾಖಲಾಗುತ್ತಿತ್ತೆಂದು ಅವರು ಎಚ್ಚರಿಸಿದರು. ನೋಡದೆ ಹೇಳಿದ ಮೆಚ್ಚುಗೆಯೂ ಅಂಥ ಬರಿಗೈಯೇ.

ಆದರೆ ನಾನು ಮಾಡಿದ ತಪ್ಪು ಇದಕ್ಕೆ ವಿರುದ್ಧವಾದುದು. ಪಾಂಡವಪುರದ ನಮ್ಮ ಮನೆಯಲ್ಲಿ ಮಗಳಿಗೆ ನಾನೇ ಪಾಠ ಹೇಳುತ್ತಿದ್ದ ಕಾಲವದು. ಒಂದು ದಿನ ಅವಳು ಆಲೆಮನೆಯ ಚಿತ್ರ ಬರೆದಳು. ಗಾಣ ಚಿಕ್ಕದು, ಕೊಪ್ಪರಿಗೆ ಚಿಕ್ಕದು, ಹೊಗೆ ಮಾತ್ರ ಅರ್ಧ ಹಾಳೆ. 'ಹೊಗೆ ಇಷ್ಟು ದೊಡ್ಡದಿರುವುದಿಲ್ಲ' ಎಂದು ಪೆನ್ಸಿಲ್ ಕಿತ್ತುಕೊಂಡು, ಅವಳ ಗೆರೆಯ ಮೇಲೆಯೇ ನನ್ನ ಗೆರೆ ಎಳೆದೆ. ಅವಳು ಏನೂ ಹೇಳಲಿಲ್ಲ. ಅನೇಕ ವಾರಗಳ ಕಾಲ ಚಿತ್ರವನ್ನೂ ಬರೆಯಲಿಲ್ಲ.

ಮನೆಯಲ್ಲಿ ಕಲಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಶಾಲೆಯಲ್ಲಿ ಬೈಸಿಕೊಂಡ ಮಗು ಮನೆಗೆ ಬಂದು ತಾಯಿಯ ಮಡಿಲಲ್ಲಿ ಅಳಬಹುದು. ಗುರುವೂ ತಂದೆಯೂ ಒಬ್ಬನೇ ಆದರೆ ಅದು ಯಾರ ಬಳಿ ಹೋಗಬೇಕು?

ಮುಂದೊಂದು ದಿನ ಅವಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದೆ. ಮೊದಲು ಕೋಟೆಯೊಳಗಿನ ಜಾಮಿಯಾ ಮಸೀದಿ. ಅಲ್ಲಿ ಎರಡು ಮಿನಾರುಗಳು, ಕಮಾನುಗಳು, ಅಕ್ಷರಗಳು, ಜೀವಿಗಳ ಚಿತ್ರವಿಲ್ಲ. ಬಳಿಕ 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ದರಿಯಾ ದೌಲತ್. ಅಲ್ಲಿನ ಗೋಡೆಗಳ ತುಂಬ ಮನುಷ್ಯರು, ಆನೆ, ಕುದುರೆ. ಅಲ್ಲಿಲ್ಲದ್ದು ಇಲ್ಲೇಕೆ ಎಂದು ಅವಳು ಕೇಳಿಯೇ ಕೇಳಿದಳು. ಒಂದು ಪ್ರಾರ್ಥನೆಯ ಸ್ಥಳ, ಇನ್ನೊಂದು ಅರಮನೆ ಎಂದೆ. ಜೀವಿಗಳ ಚಿತ್ರದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದನ್ನೂ ಮುಚ್ಚಿಡಲಿಲ್ಲ. ಮಗುವಿನ ಪ್ರಶ್ನೆಗೆ ಹೆದರಿ ಅದರ ಕಣ್ಣು ಮುಚ್ಚುವುದು ಯಾವ ಶಿಕ್ಷಣ? ಕೆ.ಆರ್. ಪೇಟೆಯ ಹೊಸಹೊಳಲು, ನಾಗಮಂಗಲದ ಸೌಮ್ಯಕೇಶವ ದೇವಾಲಯಗಳ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಹೊಸಹೊಳಲಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು ಕಡೆದ ಹೊಯ್ಸಳರ ಕಾಲದ ಶಿಲ್ಪಿಯ ತಾಳ್ಮೆಯನ್ನು ಮೆಚ್ಚುವುದು ಆರಾಧನೆಯಾಗುವುದಿಲ್ಲ.

ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೇಲಿಯ ಆಂಗ್ಲ ಪಡೆಯನ್ನು ಸೋಲಿಸಿದ ಯುದ್ಧವದು. ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ, ಸುತ್ತಲೂ ಅವನ ಸೈನಿಕರು. ನಾನು ಇತಿಹಾಸ ಹೇಳತೊಡಗಿದೆ, ಗೆದ್ದವರು ನಮ್ಮವರೆಂಬ ಹೆಮ್ಮೆಯೂ ದನಿಯಲ್ಲಿ ಇದ್ದಿರಬೇಕು. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಬಳಿಕ ಕೆಂಪಂಗಿಯವರ ಮುಖಗಳು ಒಂದೇ ತರಹ ಇವೆ ಎಂದಳು. ಕೆಳಗೆ ಬಿದ್ದವರನ್ನು ಮನೆಯಲ್ಲಿ ಯಾರು ಕಾಯುತ್ತಿದ್ದರು ಎಂದು ಕೇಳಿದಳು. ನನ್ನ ಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಆಮೇಲೆ ಹೇಳಿದಳು: 'ಅಬ್ಬಾ, ದೂರ ಇರುವವನೂ ಹತ್ತಿರದವನಷ್ಟೇ ದೊಡ್ಡವನು. ಇವರಿಗೆ ಯಾರೂ ತಿದ್ದಲಿಲ್ಲವೇ?'

ನಾನು ತಲೆ ತಗ್ಗಿಸಿದೆ. ಆ ಗೋಡೆಯನ್ನೂ ತಿದ್ದಿದವರಿದ್ದಾರೆ. 19ನೇ ಶತಮಾನದಲ್ಲಿ ಡಾಲ್‌ಹೌಸಿಯ ಆಜ್ಞೆಯಂತೆ ಈ ಚಿತ್ರಗಳಿಗೆ ಮತ್ತೆ ಬಣ್ಣ ಬಳಿಯಲಾಯಿತು. ಆದರೆ ದೂರದವನನ್ನು ಚಿಕ್ಕವನಾಗಿ ಮಾಡಲು ಯಾರೂ ಹೋಗಲಿಲ್ಲ. ಕಲಾವಿದನು ಯುದ್ಧವನ್ನು ಕಂಡುಕೊಂಡ ರೀತಿ ಅದು, ತಪ್ಪಲ್ಲ.

ಹಾಗಾದರೆ ಮಕ್ಕಳನ್ನು ತಿದ್ದಲೇಬಾರದೇ? ಕುಂಚ ತೊಳೆಯದಿದ್ದರೆ ತಿದ್ದಿರಿ. ಬೇರೆಯವರ ಚಿತ್ರ ನಕಲು ಮಾಡಿ ತನ್ನದೆಂದರೆ ಖಂಡಿತ ತಿದ್ದಿರಿ. ಕೈ ಬಳಸುವ ಕ್ರಮವನ್ನು ಬೇರೊಂದು ಹಾಳೆಯಲ್ಲಿ ತೋರಿಸಿಕೊಡಿ. ಅದು ಕಂಡದ್ದರ ಮೇಲೆ ಮಾತ್ರ ನಮಗೆ ಹಕ್ಕಿಲ್ಲ.

ಮನೆಗೆ ಬಂದು ಆ ಹಳೆಯ ಹಾಳೆಯನ್ನು ಹುಡುಕಿ ತೆಗೆದೆ. ರಬ್ಬರಿಗೆ ನನ್ನ ಗೆರೆ ಹೋಯಿತು, ಒತ್ತಿ ಬರೆದ ಅಚ್ಚು ಹೋಗಲಿಲ್ಲ. ಹೊಗೆ ಅಷ್ಟು ದೊಡ್ಡದೇಕೆ ಎಂದು ಆಗ ಕೇಳದಿದ್ದುದನ್ನು ಈಗ ಕೇಳಿದೆ.

'ಕಣ್ಣಿಗೆ ಹೋಗಿತ್ತಲ್ಲ, ಬೇರೇನೂ ಕಾಣಲೇ ಇಲ್ಲ' ಎಂದಳು.