ಆನಂದವನ್ನು ಕತ್ತರಿಸುವ ಕಿಣ್ವಗಳು

ಭಜನೆಯ ತನ್ಮಯತೆ, ಧ್ಯಾನದ ಸುಖ ಎಲ್ಲವೂ ಬರೀ ಎಂಡಾರ್ಫಿನ್ ಎಂದು ತಳ್ಳಿಹಾಕುವ ಮಾತು ಈಗ ಸಾಮಾನ್ಯ. ವಾದ ಹಳೆಯದೇ. ಹೆಂಡದ ಸಾಮಗ್ರಿ ಬೆರೆತು ಅಮಲು ಹುಟ್ಟುವಂತೆ ಭೂತಗಳು ಕೂಡಿ ಚೈತನ್ಯ ಹುಟ್ಟುತ್ತದೆ ಎಂಬ ಚಾರ್ವಾಕ ಮತವನ್ನು 14ನೇ ಶತಮಾನದ ಸರ್ವದರ್ಶನಸಂಗ್ರಹ ದಾಖಲಿಸಿದೆ. ಚಾರ್ವಾಕರಿಗೆ ಇಲ್ಲದ ಪ್ರಯೋಗಾಲಯ ನಮಗಿದೆ. ಅದು ಹೇಳುವುದನ್ನು ಪೂರ್ತಿ ಕೇಳಿದರೆ ಆ ‘ಬರೀ’ ನಿಲ್ಲುವುದಿಲ್ಲ.

1975ರಲ್ಲಿ ಅಬರ್ಡೀನ್‌ನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್‌ಲಿಟ್ಜ್ ಹಂದಿಯ ಮಿದುಳಿನಿಂದ, ಎಂಡಾರ್ಫಿನ್ನಿನಂತೆಯೇ ನೋವು ತಣಿಸುವ ಪೆಪ್ಟೈಡ್‌ಗಳಾದ ಎನ್‌ಕೆಫಲಿನ್‌ಗಳನ್ನು ಬೇರ್ಪಡಿಸಿದರು. ಒಂದೊಂದರಲ್ಲೂ ಐದೇ ಅಮೈನೊ ಆಮ್ಲಗಳು. ಆದರೆ ಜೀವಕೋಶ ಇವನ್ನು ಬಿಡಿಯಾಗಿ ಕಟ್ಟುವುದಿಲ್ಲ. ಮೊದಲು ಉದ್ದನೆಯ ಪ್ರೋಟೀನ್ ತಯಾರಾಗುತ್ತದೆ. ಅದರಲ್ಲಿ ಲೈಸಿನ್, ಆರ್ಜಿನಿನ್ ಜೋಡಿಯಾಗಿರುವ ಕಡೆ ಪ್ರೊಹಾರ್ಮೋನ್ ಕನ್ವರ್ಟೇಸ್ ಎಂಬ ಕಿಣ್ವಗಳು ಕತ್ತರಿಸುತ್ತವೆ, ತುದಿಯಲ್ಲಿ ಉಳಿದ ಲೈಸಿನ್, ಆರ್ಜಿನಿನ್‌ಗಳನ್ನು ಕಾರ್ಬಾಕ್ಸಿಪೆಪ್ಟಿಡೇಸ್ ಇ ತೆಗೆಯುತ್ತದೆ. ಬೀಟಾ ಎಂಡಾರ್ಫಿನ್ನಿನ ಮೂಲವಾದ ಪಿಒಎಂಸಿಯ ಕಥೆ ಇನ್ನೂ ಸ್ವಾರಸ್ಯದ್ದು. ಪಿಟ್ಯುಟರಿಯ ಮುಂಭಾಗದಲ್ಲಿ ಅದು ಮುಖ್ಯವಾಗಿ ಎಸಿಟಿಎಚ್ ಆಗುತ್ತದೆ, ಅಂದರೆ ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೊರಡಿಸುವ ಒತ್ತಡದ ಸಂದೇಶ. ಹೈಪೊಥಲಾಮಸ್‌ನಲ್ಲಿ ಪಿಸಿ2 ಎಂಬ ಇನ್ನೊಂದು ಕಿಣ್ವವೂ ಸೇರಿ ಮತ್ತಷ್ಟು ಕತ್ತರಿಸುವುದರಿಂದ ನೋವು ತಣಿಸುವ ಬೀಟಾ ಎಂಡಾರ್ಫಿನ್ ಹೆಚ್ಚು ಸಿಗುತ್ತದೆ. ಮೂಲವಸ್ತು ಒಂದೇ, ಫಲವನ್ನು ತೀರ್ಮಾನಿಸುವುದು ಎಲ್ಲಿ, ಯಾವ ಕಿಣ್ವ ಎಂಬುದು. ಪಿಒಎಂಸಿಯೇ ತಾನೇನಾಗುವೆನೆಂದು ಹೇಳಲಾರದಿದ್ದಾಗ, ಭಕ್ತಿ ಯಾವುದರ ಕುರಿತಾದದ್ದು ಎಂಬುದನ್ನು ಪೆಪ್ಟೈಡ್ ಹೇಳೀತೇ?

ಹರಿತವಾದ ಆಕ್ಷೇಪವೊಂದಿದೆ. ಹಲ್ಲು ಕೀಳಿಸಿಕೊಂಡವರಿಗೆ ಹುಸಿ ಮದ್ದು ಕೊಟ್ಟರೂ ನೋವು ಇಳಿಯುತ್ತದೆ; ಈ ಪೆಪ್ಟೈಡ್‌ಗಳು ಕೂರುವ ಓಪಿಯಾಯ್ಡ್ ಗ್ರಾಹಿಗಳನ್ನು ತಡೆಯುವ ನಲಾಕ್ಸೋನ್ ಕೊಟ್ಟಾಗ ಆ ಉಪಶಮನ ಕುಂದಿತೆಂದು 1978ರಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ವರದಿ ಮಾಡಿದರು. ಸುಳ್ಳು ನಂಬಿಕೆಯೂ ಇದೇ ಪೆಪ್ಟೈಡ್‌ಗಳನ್ನು ಕರೆತರುವುದಾದರೆ ಭಕ್ತನ ನೆಮ್ಮದಿಗೆ ಏನು ಬೆಲೆ? ನೆಮ್ಮದಿಯಾಗಿ ಅದರ ಬೆಲೆ ಕಿಂಚಿತ್ತೂ ಕಡಿಮೆಯಾಗದು. (ಧ್ಯಾನದಿಂದಾಗುವ ಉಪಶಮನವನ್ನು ನಲಾಕ್ಸೋನ್ ತಡೆಯಲಿಲ್ಲವೆಂದು 2016ರ ಪ್ರಯೋಗವೊಂದು ಕಂಡದ್ದನ್ನು ‘ಬರೀ ಎಂಡಾರ್ಫಿನ್’ ಎನ್ನುವವರು ಗಮನಿಸಬೇಕು.) ಆದರೆ ದೇವರಿದ್ದಾನೆಂಬುದಕ್ಕೆ ಸಾಕ್ಷಿಯಾಗಿ ಅದು ನಿಲ್ಲಲಾರದು, ಇದನ್ನು ಒಪ್ಪಲೇಬೇಕು. ನಷ್ಟ ಪ್ರವಚನಕಾರರಿಗೆ, ತತ್ತ್ವಶಾಸ್ತ್ರಕ್ಕಲ್ಲ: ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಎಣಿಸಿದ ನಮ್ಮ ದಾರ್ಶನಿಕರು ಆ ಪಟ್ಟಿಯಲ್ಲಿ ಸುಖವನ್ನು ಸೇರಿಸಿರಲಿಲ್ಲ.