ಬಿತ್ತುವದಕ್ಕೆ ಮುಂಚೆ
(ಓದತಕ್ಕ ಭಾಗ: ನ್ಯಾಯಸ್ಥಾಪಕರು 13ನೆಯ ಅಧ್ಯಾಯ, 2ರಿಂದ 14)



ಮಾನೋಹನ ಹೆಂಡತಿಯು ಮಕ್ಕಳಿಲ್ಲದವಳಾಗಿದ್ದಳು. ದೇವದೂತನು ಆಕೆಗೆ ಪ್ರತ್ಯಕ್ಷನಾಗಿ, ಮಗನು ಹುಟ್ಟುವನೆಂದು ತಿಳಿಸಿದ್ದಲ್ಲದೆ, ದ್ರಾಕ್ಷಾರಸವನ್ನೂ ಮದ್ಯವನ್ನೂ ಮುಟ್ಟಬಾರದೆಂದೂ ಅಶುದ್ಧವಾದದ್ದನ್ನು ತಿನ್ನಬಾರದೆಂದೂ ಎಚ್ಚರಿಸಿದನು. ಹುಟ್ಟಲಿದ್ದ ಸಂಸೋನನು ದೇವರಿಗೆ ಪ್ರತಿಷ್ಠಿತನಾದದರಿಂದ ಈ ಆಜ್ಞೆಯುಂಟಾಯಿತು. ಆದರೂ ಅದು ಬಂದ ಸಮಯವನ್ನು ನಾವು ಗಮನಿಸತಕ್ಕದ್ದು. ಅದು ಬಂದದ್ದು ಆಕೆ ಬಸುರಾದ ಮೇಲೆ ಅಲ್ಲ, ಅದಕ್ಕೆ ಮುಂಚೆಯೇ.

ಮಳೆ ಬಿದ್ದ ಮೇಲೆ ನೇಗಿಲು ಹುಡುಕುವ ರೈತನನ್ನು ನಾವು ಬುದ್ಧಿವಂತನೆನ್ನುವದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಮೂರು ತಿಂಗಳು ತುಂಬಲಿ, ಆಮೇಲೆ ಆಸ್ಪತ್ರೆಗೆ ಹೋಗೋಣವೆಂದು ಹೇಳುತ್ತೇವೆ. ಶಿಶುವಿನ ಮಿದುಳಿಗೂ ಬೆನ್ನುಹುರಿಗೂ ಮೂಲವಾದ ನಾಳವು ಗರ್ಭ ನಿಂತ ಸುಮಾರು 28 ದಿವಸಗಳೊಳಗೆ ಮುಚ್ಚಿಕೊಳ್ಳುತ್ತದೆ. ಆಗ ತಾನು ಬಸುರಿಯೆಂಬದು ತಾಯಿಗೇ ಅನೇಕ ಸಾರಿ ತಿಳಿದಿರುವದಿಲ್ಲ. ಆ ನಾಳವು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲವೆಂಬ ಸತ್ವವು ಬೇಕು. ಹಿಂದೆ ಇಂಥ ಊನವುಳ್ಳ ಕೂಸನ್ನು ಹೆತ್ತ ತಾಯಂದಿರು ಮುಂಚಿತವಾಗಿ ಅದನ್ನು ತೆಗೆದುಕೊಂಡರೆ, ಆ ಊನವು ಮರುಕಳಿಸುವ ಭಯವು ನೂರಕ್ಕೆ 72ರಷ್ಟು ತಗ್ಗುವದೆಂದು 1991ರಲ್ಲಿ ಪ್ರಕಟವಾದ ಬ್ರಿಟಿಷ್ ವೈದ್ಯರ ಪರೀಕ್ಷೆಯಿಂದ ತಿಳಿದುಬಂತು. ಆದಕಾರಣ ಮಗುವನ್ನು ಬಯಸುವವಳು ಕನಿಷ್ಠ ಒಂದು ತಿಂಗಳು ಮೊದಲಿನಿಂದ ಗರ್ಭದ ಮೂರು ತಿಂಗಳ ವರೆಗೆ ದಿನಕ್ಕೆ 400 ಮೈಕ್ರೋಗ್ರಾಮ್ ತೆಗೆದುಕೊಳ್ಳತಕ್ಕದ್ದು. ಹಿಂದೆ ಊನವುಳ್ಳ ಕೂಸು ಹುಟ್ಟಿದ್ದರೆ ಪ್ರಮಾಣವು ಹೆಚ್ಚು ಬೇಕಾಗುವದು. ಅದನ್ನು ವೈದ್ಯರೇ ಹೇಳಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಸೊಸೆಗೆ ಬಿಡುವ ಮನೆಗಳು ನಮ್ಮ ಸಭೆಗಳಲ್ಲಿಯೂ ಉಂಟಲ್ಲವೇ? ಬರಿದಾದ ಕಣಜದಿಂದ ಬಿತ್ತನೆಗೆ ಕಾಳು ತರುವದು ಹೇಗೆ? ಆಕೆಗೆ ಸೊಪ್ಪು, ಕಾಳು, ಮೊಟ್ಟೆ ದೊರೆಯಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತವನ್ನೂ ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿಕೊಳ್ಳಲಿ. ಮೂರ್ಛೆರೋಗದ ಕೆಲವು ಔಷಧಗಳು ಶಿಶುವಿಗೆ ಹಾನಿಕರ. ಆದರೆ ತಾನಾಗಿ ಅವನ್ನು ಬಿಡಬಾರದು, ಗರ್ಭಕ್ಕೆ ಮುಂಚೆ ವೈದ್ಯರನ್ನು ಕೇಳಬೇಕು.

ಗಂಡಂದಿರೇ, ಮಾನೋಹನನ್ನು ನೋಡಿರಿ. ಇದು ಹೆಂಗಸರ ಮಾತೆಂದು ಅವನು ಎದ್ದುಹೋಗಲಿಲ್ಲ. ಹುಟ್ಟುವ ಮಗುವಿಗೆ ಮಾಡತಕ್ಕದ್ದೇನೆಂದು ತಾನೇ ಪ್ರಾರ್ಥಿಸಿ ವಿಚಾರಿಸಿದನು. ಪುರುಷನ ಬೀಜವು ಪಕ್ವವಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಹೆಂಡವೂ ಬೀಡಿಯೂ ಅದನ್ನು ಕೆಡಿಸುತ್ತವೆ. ಹೆಂಡತಿಗೆ ಪಥ್ಯವನ್ನು ಹೇಳಿ ತಾವು ಹೆಂಡದಂಗಡಿಗೆ ಹೋಗುವವರು ಯಾವ ಬಾಯಿಂದ ಮಗುವಿಗಾಗಿ ಪ್ರಾರ್ಥಿಸುವರು?

ಇನ್ನೊಂದು ಮಾತು. ಇಷ್ಟೆಲ್ಲಾ ಮಾಡಿದರೂ ಕೆಲವು ಮನೆಗಳಲ್ಲಿ ತೊಟ್ಟಿಲು ಬರಿದಾಗಿರುವದು, ಕೆಲವು ಕೂಸುಗಳು ಊನವಾಗಿ ಹುಟ್ಟುವವು. ಹುಟ್ಟುಕುರುಡನನ್ನು ಕಂಡು, ಪಾಪಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ನಮ್ಮ ಕರ್ತನು ಅವನ ಮೇಲಾಗಲಿ ತಂದೆತಾಯಿಗಳ ಮೇಲಾಗಲಿ ಆ ದೋಷವನ್ನು ಹೊರಿಸಲಿಲ್ಲ. ಹಾಗಿರಲಾಗಿ ಯಾವಳನ್ನಾದರೂ ಬಂಜೆಯೆಂದು ಹಂಗಿಸಲು ನಾವು ಯಾರು? ಕಾರಣವು ಗಂಡನಲ್ಲಿಯೂ ಇರಬಹುದು. ಇಬ್ಬರೂ ಒಟ್ಟಾಗಿ ಪರೀಕ್ಷೆಗೆ ಹೋಗಲಿ.

ಮಗುವನ್ನು ಕೊಡುವವನು ದೇವರು. ಹೊಲವನ್ನು ಹದಮಾಡುವ ಕೆಲಸವನ್ನು ಆತನು ನಮ್ಮ ಕೈಗೆ ಒಪ್ಪಿಸಿದ್ದಾನೆ. ಆ ಕೆಲಸದಲ್ಲಿ ನಾವು ನಂಬಿಗಸ್ತರಾಗಿ ಕಂಡುಬರುವಂತೆ ಆತನು ಕೃಪೆಮಾಡಲಿ. ಆಮೆನ್.