ಬೀಳು ನೆಲದ ಋಣ

ನೇಗಿಲು ಸೋಕದ ಭೂಮಿಯನ್ನು ಜನರು ಬೀಳೆಂದೂ ಪಾಳೆಂದೂ ಕರೆಯುವರು. ಮನುಷ್ಯನಿಗೆ ಫಲ ಕೊಡದುದು ಕೆಟ್ಟುಹೋದುದೇ ಎಂಬ ತೀರ್ಪು ಆ ಹೆಸರುಗಳಲ್ಲಿಯೇ ಅಡಗಿದೆ. ಈ ತೀರ್ಪು ನ್ಯಾಯವಾದುದೇ ಎಂಬುದು ವಿಚಾರಾರ್ಹವಾದ ವಿಷಯ.

1809ರಲ್ಲಿ ಹಲಸೂರಿನ ಬಳಿ ದಂಡು ನೆಲಸಿದಂದಿನಿಂದ ಬೆಂಗಳೂರಿನ ಪೂರ್ವದ ಹೊಲಗಳು ಒಂದೊಂದಾಗಿ ಬೀದಿಗಳಾದುವು. ಕೃಷ್ಣರಾಜಪುರದಾಚೆ, ಹೊಸಕೋಟೆಯ ಕಡೆಗೆ ಉಳಿದ ರಾಗಿಯ ಹೊಲಗಳಲ್ಲಿ ಅನೇಕವು 1980ರ ದಶಕದಲ್ಲಿ ನೀಲಗಿರಿಯ ತೋಪುಗಳಾದುವು. 2017ರಲ್ಲಿ ಸರ್ಕಾರವು ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ತೋಪು ಕಡಿದ ನೆಲ ಇನ್ನೇನಾಗಬೇಕು?

ತಂಗಡಿ, ಬಂದರೆ, ಕಾರೆ, ಹುಲ್ಲುಗಳ ಕುರುಚಲೇ ಅಲ್ಲಿಗೆ ಮರಳಲಿ ಎಂಬುದೊಂದು ಉತ್ತರ. ಕುರುಚಲು ನೋಟಕ್ಕೆ ಬಡವಾದರೂ ಜೀವಕ್ಕೆ ಬಡವಲ್ಲ. ನಗರದ ವಾಯವ್ಯದಲ್ಲಿರುವ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ 2011ರಲ್ಲಿ ಲೆಸ್ಸರ್ ಫ್ಲಾರಿಕನ್ ಎಂಬ ಅತಿವಿರಳ ಪಕ್ಷಿ ಕಾಣಿಸಿಕೊಂಡಿತು. ಪಾಳೆಂದು ಕರೆಯಿಸಿಕೊಳ್ಳುವ ಬಯಲು ಅದಕ್ಕೆ ಮನೆಯಾಗಿತ್ತು.

ಆದರೆ ಮರಳಿಸುವುದು ಸುಲಭವಲ್ಲ. ಕಡಿದ ನೀಲಗಿರಿಯ ಬುಡ ಮತ್ತೆ ಚಿಗುರುತ್ತದೆ, ಬೇರುಸಹಿತ ಅಗೆಯಬೇಕು. ಗೊಬ್ಬರ ಉಂಡ ನೆಲದಲ್ಲಿ ಕಳೆಯೇ ಮೊದಲು ಕೊಬ್ಬುತ್ತದೆ. ಇಂಗ್ಲೆಂಡಿನಲ್ಲಿ ಹಳೆಯ ಹೊಲಗಳನ್ನು ಹೀದರ್ ಪೊದೆಗಳ ಬಯಲಾಗಿಸುವವರು ಕೆಲವೆಡೆ ಫಲವತ್ತಾದ ಮೇಲ್ಮಣ್ಣನ್ನೇ ಹೆರೆದು ತೆಗೆಯುತ್ತಾರೆ. ತಲೆಮಾರುಗಳ ಒಕ್ಕಲುತನ ಕೂಡಿಸಿದ ಸಾರವನ್ನು ಕಳೆಯುವುದೇ ಅಲ್ಲಿ ಸಾಧನೆ! ಒಕ್ಕಲಿಗನ ಕಣ್ಣಿಗೆ ಇದು ಅನ್ನಕ್ಕೆ ಮಾಡಿದ ಅಪಚಾರವೆಂದು ತೋರಿದರೆ ಆಶ್ಚರ್ಯವಿಲ್ಲ.

ಧರ್ಮಸಂಕಟವಿರುವುದು ಇಲ್ಲಿಯೇ. ಹಕ್ಕಿಗೂ ಹುಲ್ಲಿಗೂ ಬಾಳುವ ಹಕ್ಕುಂಟು; ರೈತನ ಮಕ್ಕಳಿಗೂ ಉಂಟು. ಕೂಲಿಯ ಅಭಾವದಿಂದಲೂ ಮಳೆಯನ್ನು ನಂಬಲಾರದೆಯೂ ನೀಲಗಿರಿ ನೆಟ್ಟವನಿಗೆ, ಈಗ ಏನನ್ನೂ ಬೆಳೆಯಬೇಡವೆಂದು ಇಂದಿರಾನಗರದ ಮಹಡಿಯಿಂದ ಉಪದೇಶಿಸುವುದು ಸುಲಭ. ಆ ಮಹಡಿ ನಿಂತಿರುವುದೂ ಒಂದು ಕಾಲದ ಹೊಲದ ಮೇಲೆಯೇ. ಪರರ ಹೊಲದಲ್ಲಿ ಪುಣ್ಯ ಸಂಪಾದಿಸುವುದು ಧರ್ಮವೆನಿಸದು.

ಋಣ ತೀರಿಸಹೊರಟವರು ಸಾಲಗಾರ ಯಾರೆಂಬುದನ್ನು ಮೊದಲು ಅರಿಯಬೇಕು. ಹೊಲಗಳನ್ನು ನುಂಗಿ ಬೆಳೆದುದು ನಗರ, ಸಾಲ ನಗರದ್ದು. ಕುರುಚಲಿಗೆ ನೆಲ ಬಿಟ್ಟುಕೊಡುವ ರೈತನಿಗೆ ವರ್ಷದ ಹುಟ್ಟುವಳಿಯನ್ನು ನಗರವೇ ತುಂಬಿಕೊಡಲಿ. ಕುರಿಗಾಹಿಗೆ ಮೇವಿನ ಹಕ್ಕು ಉಳಿಯಲಿ. ಹೀಗೆ ತನ್ನ ಕೈಯಿಂದ ತೆತ್ತ ಮೇಲೆ ನಗರವಾಸಿಯು ಆ ನೆಲದಿಂದ ಏನನ್ನೂ ಕೇಳದಿರಲು ಕಲಿಯಬೇಕು. ಆಗಲೇ ಅವನ ಬಾಯಿಂದ ಪಾಳು ಎಂಬ ಮಾತು ಅಳಿದೀತು.